ನೀರು ಹಾಕಬಾರದ ಗೋಡೆ

ಏನೂ ಮಾಡದೆ ಸುಮ್ಮನಿರುವುದೂ ಒಂದು ಕೆಲಸ ಎಂದು ನನಗೆ ತಿಳಿದದ್ದು ಅರವತ್ತೇಳನೆಯ ವಯಸ್ಸಿನಲ್ಲಿ. ಅದನ್ನು ಕಲಿಸಿದ್ದು ಒಂದು ಗೋಡೆ. ಕಡೂರಿನಲ್ಲಿ ಮೂವತ್ತು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದವಳು ನಾನು. ನಾಲ್ಕೂವರೆಗೆ ಏಳುವುದು, ಐದಕ್ಕೆ ರೇಡಿಯೋ, ಐದೂಕಾಲಿಗೆ ಕಾಫಿ, ಆರಕ್ಕೆ ಗಿಡಗಳಿಗೆ ನೀರು. ನಿವೃತ್ತಳಾಗಿ ತರೀಕೆರೆಯ ಸ್ವಂತ ಮನೆಗೆ ಬಂದ ಮೇಲೂ ವೇಳಾಪಟ್ಟಿ ಅದೇ. ಹುಡುಗಿಯರು ಇಲ್ಲ, ಅಷ್ಟೇ ವ್ಯತ್ಯಾಸ.

ಹೋದ ವರ್ಷ ತಂಗಿ ಶಾರದೆ ಅಜ್ಜಂಪುರದ ಬಾಡಿಗೆ ಮನೆ ಬಿಟ್ಟು ನನ್ನ ಜೊತೆ ಇರಲು ಬಂದಳು. ಮಾತಿಗೆ ಜೊತೆಯಾಯಿತು ಎಂದು ನಾನು ಹಿಗ್ಗಿದೆ. ಹದಿನೈದೇ ದಿನಕ್ಕೆ ಅವಳು ಚೀಲ ಕಟ್ಟಿದಳು. "ಅಕ್ಕಾ, ನಿನ್ ಮೇಲೆ ಪ್ರೀತಿ ಇದೆ ಕಣೇ. ಆದ್ರೆ ನಾಲ್ಕೂವರೆಗೆ ಮುಖದ ಮೇಲೆ ಲೈಟ್ ಹಾಕಿಸ್ಕೊಂಡು ಎಷ್ಟು ದಿನ ಅಂತ ಪ್ರೀತಿ ಮಾಡ್ಲಿ? ನಡುವೆ ಒಂದು ಗೋಡೆ ಹಾಕ್ಸು, ಇರ್ತೀನಿ" ಎಂದಳು. ಹಜಾರದ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಲು ಕೆಳಗೆ ಅಡಿಪಾಯವಿಲ್ಲ. ಹಾಗಾಗಿ ಜಿಪ್ಸಮ್ ಬೋರ್ಡಿನ ಗೋಡೆ ಬಂತು. ತಗಡಿನ ಚೌಕಟ್ಟು, ಎರಡೂ ಕಡೆ ಬೋರ್ಡು, ಒಳಗೆ ಬರೀ ಗಾಳಿ. ಆ ಗಾಳಿಯ ಮೇಲೆ ನಮ್ಮ ಅಕ್ಕ ತಂಗಿಯರ ಸಂಸಾರ ನಿಂತಿತ್ತು. ಅವಳ ಕಡೆಗೆ ನಾನು ಕೈ ಹಾಕಬಾರದು ಎಂಬುದು ನಮ್ಮ ಕರಾರು.

ಮೊನ್ನೆ ಅವಳು ಒಂದು ವಾರಕ್ಕೆಂದು ಬುಕ್ಕಾಂಬುಧಿಯ ಮಗಳ ಮನೆಗೆ ಹೋದಳು. ಆ ದಿನವೇ ನನಗೊಂದು ಒಳ್ಳೆಯ ಯೋಚನೆ ಬಂತು. ಪಾಪ, ಅವಳ ಕೋಣೆಯಲ್ಲಿ ವೇಳಾಪಟ್ಟಿಯೇ ಇಲ್ಲವಲ್ಲ! ನನ್ನದನ್ನೇ ದುಂಡಗೆ ನಕಲು ಮಾಡಿ, ಕಟ್ಟು ಹಾಕಿಸಿ, ಮೊಳೆ ಸುತ್ತಿಗೆ ಹಿಡಿದು ಅವಳ ಕೋಣೆಗೆ ನುಗ್ಗಿದೆ. ಮೊದಲ ಏಟಿಗೇ ಮೊಳೆ ಬಾಳೆದಿಂಡಿಗೆ ಹೊಕ್ಕ ಹಾಗೆ ಒಳಗೆ ಹೋಗಿ ಮಾಯವಾಯಿತು. ಪಕ್ಕದಲ್ಲಿ ಇನ್ನೊಂದು ಹೊಡೆದೆ, ಅದೂ ಹೋಯಿತು. ಗೋಡೆ ನನಗೆ ಅವಿಧೇಯತೆ ತೋರಿಸುತ್ತಿದೆ ಅನ್ನಿಸಿತು. ಐದನೆಯ ಏಟಿಗೆ ಸುತ್ತಿಗೆಯ ತಲೆಯೇ ಒಳಗೆ ಹೋಯಿತು. ಎಳೆದುಕೊಂಡಾಗ ಸೆಟ್ ದೋಸೆಯಷ್ಟು ಅಗಲದ ತೂತು.

ಗೋಡೆ ಮಾಡಿದವನಿಗೆ ಫೋನ್ ಮಾಡಿದರೆ, ಈ ನಂಬರು ಬಳಕೆಯಲ್ಲಿಲ್ಲ ಎಂದು ಒಬ್ಬ ಹೆಂಗಸು ಮೂರು ಭಾಷೆಯಲ್ಲಿ ಹೇಳಿದಳು. ನಮ್ಮ ಮನೆ ಕಟ್ಟಿದ ಗಾರೆ ಕೆಲಸದ ರುದ್ರಪ್ಪನನ್ನು ಕರೆಸಿದೆ. ಅವನು ಬೆರಳಿನಿಂದ ಗೋಡೆ ತಟ್ಟಿ, ಕಿವಿಯಿಟ್ಟು ಕೇಳಿ, "ಮೇಡಮ್ಮೋರೇ, ಇದು ಗೋಡೆ ಅಲ್ಲ ಕಣ್ರೀ, ಡಬ್ಬ. ಸಿಮೆಂಟ್ ಮೆತ್ತಿದ್ರೆ ಮೆತ್ತಿದ್ದೆಲ್ಲ ಒಳಗ್ ಬೀಳುತ್ತೆ" ಎಂದು ಕಾಫಿ ಕುಡಿದು ಹೋದ. ಕಡೂರಿನವನೊಬ್ಬ ಫೋನಿನಲ್ಲೇ, "ಹತ್ತು ಬೋರ್ಡ್ ಕೆಲ್ಸ ಇದ್ರೆ ಹೇಳಿ ಮೇಡಂ, ಒಂದು ತೂತಿಗೆ ಯಾರ್ ಬರ್ತಾರೆ?" ಎಂದ. ಕೊನೆಗೆ ಸಿಕ್ಕಿದವನು ನಮ್ಮೂರಿನ ನಯಾಜ್, ಅಂಗಡಿಗಳಿಗೆ ಫಾಲ್ಸ್ ಸೀಲಿಂಗ್ ಮಾಡುವವನು. ನಾನು ಯಾರನ್ನೂ ಸುಮ್ಮನೆ ಕೆಲಸಕ್ಕೆ ತೆಗೆದುಕೊಳ್ಳುವವಳಲ್ಲ. ಹಾಸ್ಟೆಲಿಗೆ ಅಡುಗೆಯವರು ಬೇಕಾದಾಗ ಮೊದಲು ಅವರ ಅನ್ನ ಸಾರು ಉಂಡು ನೋಡುತ್ತಿದ್ದೆ. "ನೀನು ಮಾಡಿ ಒಂದು ವರ್ಷವಾದ ಗೋಡೆ ತೋರಿಸಪ್ಪ" ಎಂದೆ. ಬಸ್‌ಸ್ಟ್ಯಾಂಡ್ ಹತ್ತಿರದ ಬಟ್ಟೆ ಅಂಗಡಿಗೆ ಕರೆದುಕೊಂಡು ಹೋದ. ಅಂಗಡಿಯವರು ಸೀರೆ ಬಿಚ್ಚಲು ಶುರುಮಾಡಿದರು. ನಾನು ಬೆಳಕಿಗೆ ಓರೆಯಾಗಿ ನಿಂತು, ಗೋಡೆಗೆ ಕೆನ್ನೆ ತಾಗಿಸಿ, ಎಲ್ಲಿ ಬೋರ್ಡುಗಳ ಸಂದು ಕಾಣುತ್ತದೆ ಎಂದು ಹುಡುಕಿದೆ. ಕಾಣಲಿಲ್ಲ. ನಯಾಜ್ ಪಾಸಾದ.

ಬುಧವಾರ ಬಂದವನು ಮೊದಲು ಮಾಡಿದ್ದು ತೂತನ್ನು ಇನ್ನಷ್ಟು ದೊಡ್ಡದು ಮಾಡಿದ್ದು. "ಅಯ್ಯೋ!" ಎಂದೆ. "ದುಂಡಗಿದ್ರೆ ತೇಪೆ ಕೂರಲ್ಲ ಅಮ್ಮಾ, ಚೌಕ ಬೇಕು" ಎಂದ. ಹಿಂದೆ ಮರದ ಪಟ್ಟಿ ಕೊಟ್ಟು ಸ್ಕ್ರೂ ಹಾಕಿದ, ಅಳತೆಗೆ ಕತ್ತರಿಸಿದ ಬೋರ್ಡು ಕೂರಿಸಿದ, ಸಂದಿಗೆ ಜಾಲರಿಯಂಥ ಟೇಪು ಅಂಟಿಸಿ ತೆಳ್ಳಗೆ ಒಂದು ಕೈ ಪುಟ್ಟಿ ಎಳೆದ. ಇನ್ನೆರಡು ಕೈ ಬಾಕಿ, ಒಂದೊಂದೂ ಚೆನ್ನಾಗಿ ಒಣಗಬೇಕು, ಆಮೇಲೆ ಉಜ್ಜಿ ಬಣ್ಣ. "ಶುಕ್ರವಾರ ಬರ್ತೀನಿ. ಅಲ್ಲೀತನಕ ಯಾರೂ ಮುಟ್ಬಾರ್ದು" ಎಂದು ಹೇಳಿ ಹೋದ.

ನಾನು ಮುಟ್ಟಲಿಲ್ಲ. ನೀರು ಹಾಕಿದೆ.

ಓದುಗರು ನಗುವ ಮೊದಲು ಒಂದು ಮಾತು. ಈ ಮನೆ ಕಟ್ಟಿದಾಗ ರಜೆ ಹಾಕಿ ಇಪ್ಪತ್ತೊಂದು ದಿನ, ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಗೋಡೆಗಳಿಗೆ ನೀರುಣಿಸಿದವಳು ನಾನು. ಇವತ್ತಿಗೂ ಕೂದಲೆಳೆಯಷ್ಟು ಬಿರುಕಿಲ್ಲ. ಹೊಸದಾಗಿ ಮೆತ್ತಿದ ಗೋಡೆಗೆ ನೀರು ಹಾಕಿ ಎಂದು ಹೇಳದೆ ಹೋದರೆ ಅದು ಈ ಕಾಲದ ಹುಡುಗರ ಅಸಡ್ಡೆ ಎಂದುಕೊಂಡೆ. ಬುಧವಾರ ಸಂಜೆ ಎರಡು ಚೊಂಬು, ಗುರುವಾರ ಎರಡು ಹೊತ್ತೂ ಎರಡೆರಡು ಚೊಂಬು. ಬಿಸಿಲು ಜಾಸ್ತಿಯಿದೆ ಎಂದು ಒದ್ದೆ ಗೋಣಿತಾಟನ್ನೂ ಒರಗಿಸಿದೆ.

ಶುಕ್ರವಾರ ಬಂದ ನಯಾಜ್ ಗೋಡೆ ನೋಡಿದ. ಆಮೇಲೆ ತಲೆಯೆತ್ತಿ ಸೂರು ನೋಡಿದ.

"ಅಮ್ಮಾ, ಮೇಲೆ ಟ್ಯಾಂಕ್ ಒಡೀತಾ?"

"ಇಲ್ಲಪ್ಪ, ಕ್ಯೂರಿಂಗು."

ಅವನು ಮೆಲ್ಲಗೆ ನೆಲದ ಮೇಲೆ ಕೂತ. ಬೋರ್ಡು ಸೊಂಟದಿಂದ ಕೆಳಗೆ ಪೂರಿಯ ಹಾಗೆ ಉಬ್ಬಿತ್ತು, ಬೆರಳಿಟ್ಟರೆ ಹಪ್ಪಳದ ಹಿಟ್ಟಿನಂತೆ ಒಳಗೆ ಹೋಗುತ್ತಿತ್ತು. "ಇದು ಸಿಮೆಂಟಲ್ಲ ಅಮ್ಮಾ, ಇದಕ್ಕೆ ನೀರೇ ಆಗಲ್ಲ. ಸುಮ್ನೆ ಬಿಟ್ರೆ ತಾನೇ ಗಟ್ಟಿ ಆಗುತ್ತೆ. ನಮ್ಮನೇಲೂ ದೊಡ್ಡೋರಿದ್ದಾರೆ, ಆದ್ರೆ ಯಾರೂ ಇಷ್ಟು ಟೈಮಿಗೆ ಸರಿಯಾಗಿ ಹಾಳು ಮಾಡಲ್ಲ" ಎಂದ.

ಕೊಳೆತ ಬೋರ್ಡನ್ನು ಎರಡೂ ಕಡೆಯಿಂದ ಅವನು ಕಿತ್ತು ಹಾಕುತ್ತಿದ್ದಾಗಲೇ ಆಟೋ ನಿಂತ ಸದ್ದಾಯಿತು. ಭಾನುವಾರ ಬರಬೇಕಾಗಿದ್ದ ಶಾರದೆ ಎರಡು ದಿನ ಮೊದಲೇ ಬಂದುಬಿಟ್ಟಿದ್ದಳು. ಗೋಡೆಯ ನಡುವೆ ಎಮ್ಮೆ ನುಗ್ಗುವಷ್ಟು ಬಾಯಿ, ಕೆಳಗೆ ಕಟ್ಟು ಹಾಕಿದ ನನ್ನ ವೇಳಾಪಟ್ಟಿ. ನಾನು ಒಂದನ್ನೂ ಮುಚ್ಚಿಡದೆ ಹೇಳಿದೆ. ಅವಳು ಚೀಲವನ್ನು ಬಾಗಿಲ ಪಕ್ಕದಲ್ಲೇ ಇಟ್ಟಳು. "ಗೋಡೆ ಆಗೋ ತನಕ ಇದನ್ನ ಬಿಚ್ಚಲ್ಲ. ಸೋಮವಾರದೊಳಗೆ ಆಗ್ಲಿಲ್ವಾ, ಮಂಗಳವಾರ ಬೆಳಿಗ್ಗೆ ಅಜ್ಜಂಪುರದ ಬಸ್ಸು."

ಆಗುತ್ತದೆ ಎಂದು ನಾನು ನಿರ್ಧಾರ ಮಾಡಿದೆ. ನಯಾಜ್ ಹೊಸ ಬೋರ್ಡು ಹಾಕಿ ದಿನಕ್ಕೊಂದು ಕೈ ಪುಟ್ಟಿ ಎಳೆದ. ನನ್ನ ಪಾಲಿಗೆ ಉಳಿದದ್ದು ಏನೂ ಮಾಡದಿರುವ ಕೆಲಸ. ಗೋಡೆ ಹಸಿ ಇರುವಷ್ಟು ದಿನ ಅವಳ ಹಾಸಿಗೆ ನನ್ನ ಕಡೆಗೇ ಬಂದಿತ್ತು, ಅವಳ ನಿದ್ದೆಗೆ ನಾನೇ ಗೋಡೆಯಾಗಬೇಕು. ಮೂರು ದಿನ ನಾಲ್ಕೂವರೆಗೆ ಎದ್ದು, ಲೈಟು ಹಾಕದೆ, ರೇಡಿಯೋ ಮುಟ್ಟದೆ, ಲೋಟ ಸದ್ದು ಮಾಡದೆ, ಆರರವರೆಗೆ ಕತ್ತಲಲ್ಲಿ ಕೈಕಟ್ಟಿ ಕೂತೆ. ಮೂವತ್ತು ವರ್ಷದ ನೌಕರಿಯಲ್ಲಿ ಇಷ್ಟು ದಣಿದಿರಲಿಲ್ಲ. ಮೂರನೆಯ ದಿನ ಎಚ್ಚರಾದ ಶಾರದೆ ಗಾಬರಿಯಿಂದ, "ಏನಕ್ಕಾ, ಹುಷಾರಿಲ್ವಾ?" ಎಂದಳು.

"ಒಣಗ್ತಾ ಇದೀನಿ ಕಣೇ" ಎಂದೆ.

ಅವಳು ಮುಸುಕಿನೊಳಗೆ ನಕ್ಕದ್ದು ನನಗೆ ಕೇಳಿಸಿತು. ಸೋಮವಾರ ಸಂಜೆ ನಯಾಜ್ ಉಜ್ಜಿ, ಬಣ್ಣ ಹೊಡೆದು ಹೊರಟ ಮೇಲೆ ಅವಳು ಬೆಳಕಿಗೆ ಓರೆಯಾಗಿ ನಿಂತು ಸಂದು ಹುಡುಕಿದಳು. ಸಿಗಲಿಲ್ಲ. ಹೋಗಿ ಚೀಲ ಬಿಚ್ಚಿದಳು. ಮಡಿಸಿದ ಸೀರೆಗಳ ಕೆಳಗಿಂದ ಒಂದು ಪೆನ್ನು ತೆಗೆದು, ನನ್ನ ಕಡೆಯ ವೇಳಾಪಟ್ಟಿಯಲ್ಲಿ ಆರು ಗಂಟೆಯ ಸಾಲಿನ ಕೆಳಗೆ ತನ್ನ ಕೈಯಾರೆ ಬರೆದಳು: 'ಗೋಡೆಗೆ ನೀರು ಹಾಕದಿರುವುದು.'

ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ಗಿಡಗಳಿಗೆ ನೀರು ಹಾಕಿ, ಖಾಲಿ ಚೊಂಬು ಹಿಡಿದು ಗೋಡೆಯ ಮುಂದೆ ಎರಡು ನಿಮಿಷ ನಿಲ್ಲುತ್ತೇನೆ. ಹಾಕುವುದಿಲ್ಲ. ಹೋಗಿ ಆ ಸಾಲಿಗೆ ಸರಿ ಗುರುತು ಹಾಕುತ್ತೇನೆ.