ನಮ್ಮ ಮಾವ ಮತ್ತು ಒಪ್ಪಿಗೆ ಪತ್ರ

ನಮ್ಮ ಸೋದರಮಾವನಿಂದ 'ಹೂಂ' ಅನ್ನಿಸಿಕೊಳ್ಳುವುದಕ್ಕಿಂತ ಹಲವಾಗಲು ಊರಿನ ಹತ್ತಿರ ತುಂಗಭದ್ರೆಗೆ ಬಿದ್ದು ಈಜಿ ಆಚೆ ದಡ ಸೇರುವುದು ಸುಲಭ. ನನಗೆ ಈಜು ಬರುವುದಿಲ್ಲ, ಆದರೂ ಹೇಳುತ್ತಿದ್ದೇನೆ!

ಹರಪನಹಳ್ಳಿಯಲ್ಲಿ ಸುಟ್ಟುಹೋದ ಪಂಪಿನ ಮೋಟರುಗಳಿಗೆ ತಂತಿ ಸುತ್ತಿ ಕೊಡುವುದು ಅವನ ಕಸುಬು. ರೈತ ಮೋಟರು ಹೊತ್ತು ತಂದು ಇಳಿಸಿದನೋ, ಶುರು.

"ಬಿಚ್ಚಿದ ಮ್ಯಾಲ ಇದು ರಿಪೇರಿ ಆಗದಂಗನೂ ಇರಬಹುದು. ಬಿಚ್ಚಲೇನು?"

"ಬಿಚ್ಚೋ ಮಾರಾಯಾ!"

"ಹಂಗಲ್ಲ. ವಿಚಾರ ಮಾಡಿ ಹೇಳು. ಚಾ ಕುಡಕೊಂಡು ಬಾ, ಹೋಗು."

ಇಂಥವನನ್ನು ನಮ್ಮ ನರ್ಸಿಂಗ್ ಕಾಲೇಜಿನವರು ಹುಡುಕಿ ತಂದು ಎಥಿಕ್ಸ್ ಕಮಿಟಿಯಲ್ಲಿ ಕೂರಿಸಿದರು. ಜನರ ಆರೋಗ್ಯದ ಮೇಲೆ ಯಾವ ಸಂಶೋಧನೆ ಮಾಡಬೇಕಿದ್ದರೂ ಮೊದಲು ಈ ಕಮಿಟಿ ಒಪ್ಪಬೇಕು. ಅದರಲ್ಲಿ ಡಾಕ್ಟರು, ವಕೀಲರ ಜೊತೆಗೆ ವೈದ್ಯಕೀಯ ಓದದ ಊರಿನವರೊಬ್ಬರು ಇರಲೇಬೇಕೆಂಬುದು ನಿಯಮ.

"ಏನೂ ಗೊತ್ತಿಲ್ಲದವ್ರು ಬೇಕಾಗಿತ್ತಂತ. ನನ್ನ ಕರದ್ರು!" ಎಂದು ಮಾವ ಊರೆಲ್ಲ ಸಾರಿಕೊಂಡು ಬಂದ.

"ಆ ಕೆಲಸಕ್ಕ ನಿಮ್ಮಷ್ಟು ಅನುಭವ ಯಾರಿಗೈತಿ ಬಿಡ್ರಿ" ಎಂದಳು ಅತ್ತೆ, ರೊಟ್ಟಿ ಬಡಿಯುತ್ತಲೇ.

ಅದೇ ಕಾಲೇಜಿನಲ್ಲಿ ಪಾಠ ಹೇಳುವ ನಾನು, ನಮ್ಮ ತಾಲ್ಲೂಕಿನ ತೆಲಿಗಿ ಹಳ್ಳಿಯ ಹೆಂಗಸರಲ್ಲಿ ರಕ್ತಹೀನತೆ ಎಷ್ಟಿದೆಯೆಂದು ತಿಳಿಯಲು ಒಂದು ಅಧ್ಯಯನಕ್ಕೆ ಕೈ ಹಾಕಿದೆ. ನಮ್ಮ ತಾಲ್ಲೂಕು ಬಳ್ಳಾರಿ, ದಾವಣಗೆರೆ, ತಿರುಗಿ ಬಳ್ಳಾರಿ, ಈಗ ವಿಜಯನಗರ ಎಂದು ಜಿಲ್ಲೆ ಬದಲಿಸಿದ್ದು ನಿಮಗೆ ಗೊತ್ತಲ್ಲ? ನನ್ನ ಅರ್ಜಿ ಅದಕ್ಕಿಂತ ಹೆಚ್ಚು ಮೇಜು ಬದಲಿಸಿತು! ಆರೋಗ್ಯ ಕಚೇರಿಯವರು "ಮೊದ್ಲು ಕಮಿಟಿ ಒಪ್ಪಿಗಿ ತರ್ರಿ" ಅನ್ನುತ್ತಿದ್ದರು. ಕಮಿಟಿಯ ಗುಮಾಸ್ತರು "ಮೊದ್ಲು ಆರೋಗ್ಯ ಕಚೇರಿ ಪತ್ರ ತರ್ರಿ" ಅನ್ನುತ್ತಿದ್ದರು. ಕೋಳಿ ಮೊದಲೋ, ಮೊಟ್ಟೆ ಮೊದಲೋ? ಕೊನೆಗೆ ಗುಮಾಸ್ತರಿಗೇ ಬೇಸರ ಬಂದು ನನ್ನ ಅರ್ಜಿ ಮೀಟಿಂಗಿಗೆ ಹೋಯಿತು. ಒಳಗೆ ಮಾವ ಇದ್ದಾನಲ್ಲ, ಇನ್ನೇನು ಚಿಂತೆ?

ಮೀಟಿಂಗಿನ ದಿನ ನಾನು ಬಾಗಿಲೊಳಗೆ ಕಾಲಿಟ್ಟದ್ದೇ ತಡ, ಮಾವ ಎದ್ದು ನಿಂತ.

"ಈಕಿ ನನ್ನ ತಂಗಿ ಮಗಳು. ಸ್ವಂತದವ್ರ ಅರ್ಜಿಗೆ ನಾ ಕುಂದ್ರಂಗಿಲ್ಲ." ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಟೇಹೋದ! ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಹೋದವನು ಹೊರಗಿನ ಬೆಂಚಿನ ಮೇಲೆ ಸುಮ್ಮನೆ ಕೂರಬೇಕೋ ಬೇಡವೋ? ಒಳಗೆ ನಾನು ಗಂಟಲು ಸರಿಮಾಡಿಕೊಂಡು "ಒಬ್ಬೊಬ್ಬರಿಂದ ಐದು ಎಂ.ಎಲ್. ರಕ್ತ..." ಎನ್ನುವಷ್ಟರಲ್ಲಿ ಕಿಟಕಿಯಿಂದ ದನಿ ಬಂತು.

"ಐದು ಎಂ.ಎಲ್. ಅಂದ್ರ ಎಷ್ಟಂತ ಕೇಳ್ರಿ!"

"ಒಂದು ಚಮಚ ಮಾವಾ" ಎಂದು ನಾನೂ ಕೂಗಿದೆ.

"ಯಾವ ಚಮಚ? ನಮ್ಮನ್ಯಾಗ ಸಾರು ಬಡಿಸೋದಕ್ಕೂ ಚಮಚನ ಅಂತಾರ!"

ಅಧ್ಯಕ್ಷರಾದ ಡಾಕ್ಟರು ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ಅಷ್ಟರಲ್ಲಿ ಇನ್ನೊಂದು: "ರಕ್ತ ಕೊಡಾಕ ಒಲ್ಲೆ ಅಂದಾಕಿಗೆ ಸರಕಾರಿ ಗುಳಿಗಿ ಕೊಡೋದು ನಿಲ್ಲಂಗಿಲ್ಲ ಅಂತ ಒಪ್ಪಿಗಿ ಪತ್ರದಾಗ ಬರದಾಳೇನು ಕೇಳ್ರಿ!"

ಅಧ್ಯಕ್ಷರು ಎದ್ದು ಹೋಗಿ ಕಿಟಕಿ ಮುಚ್ಚಿದರು. ಮರಳಿ ಬಂದು ಕೂತು, ಕನ್ನಡಕ ಸರಿಮಾಡಿಕೊಂಡು, "ಬರೆದಿದ್ದೀರೇನಮ್ಮಾ?" ಎಂದು ಕೇಳಿದರು.

ಬರೆದಿರಲಿಲ್ಲ!

ಅರ್ಜಿ ವಾಪಸ್ಸು. ನಾನು ಮೂರು ವಾರ ಮಾವನ ಜೊತೆ ಮಾತು ಬಿಟ್ಟೆ. ತಿದ್ದಿ ಬರೆದು, ಮುಂದಿನ ಮೀಟಿಂಗಿನಲ್ಲಿ ಒಪ್ಪಿಗೆ ಪಡೆದು ತೆಲಿಗಿಗೆ ಹೋದರೆ, ಮೊದಲ ಮನೆಯ ಹೆಂಗಸು ಪತ್ರವನ್ನೆಲ್ಲ ಪೂರ್ತಿ ಓದಿಸಿ ಕೇಳಿ, ನನಗೆ ಚಹಾ ಕೊಟ್ಟು, "ನಾ ಒಲ್ಲೆವ್ವಾ" ಅಂದಳು. ಸಿಟ್ಟಿಗೆ ಮಾವನಿಗೇ ಫೋನು ಹಚ್ಚಿದೆ. ಅವನು ಹಿಗ್ಗಿ ಹೀರೇಕಾಯಿಯಾದ!

"ಅಂದ್ರ ಆಕಿಗೆ ನೀ ಓದಿದ್ದು ತಿಳದೈತಿ! ಮುಂದಿನ ಮನಿಗೆ ನಡಿ."

ನಡೆದೆ. ಎರಡನೆಯ ಮನೆಯವಳು ಒಪ್ಪಿದಳು. ಮುಂದೆ ಒಪ್ಪಿದವರೇ ಹೆಚ್ಚು.

ಆ ಕೆಲಸ ಅರ್ಧಕ್ಕೆ ಬಂದಿದ್ದಾಗ ಅತ್ತೆಯ ಹೊಟ್ಟೆಯಲ್ಲಿ ಗಡ್ಡೆಯಿದೆಯೆಂದು ತಿಳಿಯಿತು. ದಾವಣಗೆರೆಗೆ ಕರೆದುಕೊಂಡು ಹೋದೆವು. ಆಪರೇಷನ್ನಿನ ದಿನ ಬೆಳಿಗ್ಗೆ ನರ್ಸ್ ಬಂದು ಮಾವನ ಮುಂದೆ ಒಪ್ಪಿಗೆಯ ಕಾಗದ ಹಿಡಿದರು.

"ನೀವು ಗಂಡ ಅಲ್ವಾ? ಇಲ್ಲಿ ಸಹಿ ಮಾಡಿ."

"ಹೊಟ್ಟಿ ಆಕಿದು. ಸಹಿ ನಂದ್ಯಾಕ್ರಿ?" ಎಂದ ಮಾವ. ಮಂಚದ ಅಂಚಿಗೆ ಕೂತು, ಎರಡೂ ಪುಟಗಳನ್ನು ಅವಳಿಗೆ ಓದಿ ಹೇಳಿದ. ರಕ್ತ ಹೆಚ್ಚು ಹೋಗಬಹುದು ಎಂಬಲ್ಲಿ ಅವನ ದನಿ ಸಣ್ಣದಾಯಿತು. ಆದರೆ ಒಂದು ಸಾಲನ್ನೂ ಬಿಡಲಿಲ್ಲ.

ಅತ್ತೆ ಎಲ್ಲ ಕೇಳಿಸಿಕೊಂಡಳು. "ನಾ ಒಲ್ಲೆ ಅಂದ್ರ?"

ಮಾವ ತಲೆ ತಗ್ಗಿಸಿ ಕಾಗದ ಮಡಚಿದ, ಮತ್ತೆ ಬಿಚ್ಚಿದ.

"ಅನ್ನಬಹುದು. ನಿನಗ ಹಕ್ಕೈತಿ." ಆಮೇಲೆ ತಲೆ ಎತ್ತದೆಯೇ, "ಆದ್ರ ಅನಬ್ಯಾಡ. ನಾ ಒಬ್ಬಾವ ಏನು ಮಾಡ್ಲಿ?" ಎಂದ.

"ನಮ್ಮ ಮದುವಿ ದಿನ ಯಾರೂ ನನಗ ಇಷ್ಟು ಓದಿ ಹೇಳಿರ್ಲಿಲ್ಲ ನೋಡ್ರಿ" ಎಂದು ನಕ್ಕು, ಅತ್ತೆ ಪೆನ್ನು ಇಸಿದುಕೊಂಡು ನಿಧಾನವಾಗಿ ತನ್ನ ಪೂರ್ತಿ ಹೆಸರು ಬರೆದಳು.

ಆಪರೇಷನ್ ಚೆನ್ನಾಗಿ ಆಯಿತು. ಸಂಜೆ ಕಣ್ಣು ಬಿಟ್ಟ ಅತ್ತೆ ಮೊದಲು ಕೇಳಿದ್ದು, "ಉಂಡ್ರೇನು?"

ಮಾವ ಉಂಡಿರಲಿಲ್ಲ. ಈ ಸಲ ಯಾರ ಒಪ್ಪಿಗೆಯನ್ನೂ ಕೇಳದೆ ಅವಳ ಕೈ ಹಿಡಿದುಕೊಂಡು, ಗೋಡೆಯ ಕಡೆ ಮುಖ ತಿರುಗಿಸಿದ.