ಮಂದ್ರ ಸಾಲಿನ ವೈದ್ಯಕೀಯ ತಪಾಸಣೆ

ಗಣಿಯ ದೂಳಿನಿಂದ ಶ್ವಾಸಕೋಶ ಕೆಟ್ಟವರಿಗೆ ಪರಿಹಾರ ಕೊಡುವ ವಿಷಯದಲ್ಲಿ ವೈದ್ಯಮಂಡಳಿಯ ನಿಯಮ ಅತ್ಯಂತ ಸ್ಪಷ್ಟವಾಗಿತ್ತು: ಹಾಡಬಲ್ಲವನು ಉಸಿರಾಡಬಲ್ಲ, ಉಸಿರಾಡಬಲ್ಲವನಿಗೆ ರೋಗವಿಲ್ಲ.

ಈ ನಿಯಮದಂತೆ ಎಲ್ವಿನ್ ಪ್ರೋಸರನ ಅರ್ಜಿ ತಿರಸ್ಕೃತವಾಯಿತು. ದಕ್ಷಿಣ ವೇಲ್ಸಿನ ಕಲ್ಲಿದ್ದಲು ಗಣಿಯಲ್ಲಿ ಹರೆಯವನ್ನೆಲ್ಲ ಕಳೆದ ಅವನು ಈಗ ಅಂಗಿಯ ಗುಂಡಿ ಹಾಕಿ ಮುಗಿಸುವಷ್ಟರಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದ. ಆದರೆ ಭಾನುವಾರ ಚಾಪೆಲ್‌ನಲ್ಲಿ, ಆರಾಧನೆಯ ವೇಳೆ ಗಂಡಸರ ಗಾಯನ ತಂಡದ ಹಿಂದಿನ ಸಾಲಾದ ಮಂದ್ರ ಸ್ವರದವರ ಸಾಲಿನಲ್ಲಿ ಅವನು ಬಾಯಿ ತೆರೆದು ಮುಚ್ಚುತ್ತಿದ್ದುದನ್ನು ಮಂಡಳಿಯ ಡಾಕ್ಟರು ಕಣ್ಣಾರೆ ಕಂಡಿದ್ದರು.

ಎಲ್ವಿನನ ಹೆಂಡತಿ ಕೈನ್ವೆನ್ ಮಂಡಳಿಯ ಕಚೇರಿಗೆ ಹೋಗಿ, ಗಂಡನ ದನಿ ಎಂದೋ ಹೋಗಿದೆ, ಸಾಲು ತೆರವಾಗಿ ಕಾಣಬಾರದೆಂದು ನಿಂತು ಬಾಯಿ ಆಡಿಸುತ್ತಾನೆ, ಅಷ್ಟೆ ಎಂದು ವಿವರಿಸಿದಳು. ಹಾಗಾದರೆ ಗಾಯನ ನಿರ್ದೇಶಕರಿಂದ ಮೌನದ ದೃಢೀಕರಣ ಪತ್ರ ತರಬೇಕೆಂದು ಡಾಕ್ಟರು ಸೂಚಿಸಿದರು.

ನಿರ್ದೇಶಕ ಇದ್ವಾಲ್ ಬೀನನ್‌ಗೆ ತಂಡದ ಮರ್ಯಾದೆಯ ಮುಂದೆ ಬೇರೇನೂ ಇರಲಿಲ್ಲ.

“ನನ್ನ ತಂಡದಲ್ಲಿ ದನಿ ಇಲ್ದೋರು ಇದಾರೆ ಅಂತ ನಾನೇ ಬರ್ಕೊಡ್ಲಾ? ಪಕ್ಕದ ಕಣಿವೆ ತಂಡದವ್ರು ಕೇಳಿದ್ರೆ ನಕ್ಕು ಸಾಯ್ತಾರೆ ಕಣಮ್ಮ.”

“ಅವ್ರು ನಕ್ಕು ಸಾಯ್ಲಿ. ನಮ್ಮನೆಯವ್ರು ಕೆಮ್ಮಿ ಸಾಯ್ತಿದಾರೆ,” ಎಂದಳು ಕೈನ್ವೆನ್.

ಅನುಮಾನವಿದ್ದವರು ಬಂದು ಹಾಡು ಕೇಳಲಿ ಎಂದು ಇದ್ವಾಲ್ ಸವಾಲು ಹಾಕಿದ. ಮಂಡಳಿ ಒಪ್ಪಿ ನೋಟೀಸು ಹೊರಡಿಸಿತು: ಮಂದ್ರ ಸಾಲಿನವರು ಮಾತ್ರ ಹಾಡತಕ್ಕದ್ದು, ಆರ್ಗನ್ ವಾದ್ಯ ನುಡಿಸತಕ್ಕದ್ದಲ್ಲ, ತಪಾಸಣೆಯ ವೇಳೆ ಬರುವ ಕೆಮ್ಮನ್ನು ಸಾಕ್ಷ್ಯವೆಂದು ಪರಿಗಣಿಸಲಾಗುವುದಿಲ್ಲ.

ನಿಗದಿಯಾದ ದಿನ ಡಾಕ್ಟರ ಮುಂದೆ ಇದ್ವಾಲ್ ಕೈ ಎತ್ತಿದ. ಇಡೀ ಸಾಲು ಬಾಯಿ ತೆರೆಯಿತು. ಒಬ್ಬನಿಂದಲೂ ಸ್ವರ ಹೊರಡಲಿಲ್ಲ. ಸಾಲಿನಲ್ಲಿದ್ದವರೆಲ್ಲ ಗಣಿಯವರೇ. ಆರ್ಗನ್ನಿನ ಸ್ವರವನ್ನು ಪಕ್ಕದವನ ದನಿಯೆಂದು ನಂಬಿ, ವರ್ಷಗಳಿಂದ ಪ್ರತಿಯೊಬ್ಬನೂ ಬರೀ ಬಾಯಿ ಆಡಿಸುತ್ತಿದ್ದ. ಈಗ ಅವರು ಒಬ್ಬರನ್ನೊಬ್ಬರು ಆಕ್ಷೇಪದಿಂದ ನೋಡಿಕೊಂಡರು. ಆದರೂ ಪದ್ಯ ಮುಗಿಯುವವರೆಗೆ ಯಾರೂ ಬಾಯಿ ಆಡಿಸುವುದನ್ನು ನಿಲ್ಲಿಸಲಿಲ್ಲ; ತಂಡದಲ್ಲಿ ಅಷ್ಟು ಶಿಸ್ತು ಇತ್ತು.

ಕೈನ್ವೆನ್ ಎದ್ದು ನಿಂತಳು. “ಕೇಳಿಸ್ತಾ ಡಾಕ್ಟ್ರೇ?”

“ಚೆನ್ನಾಗಿ ಕೇಳಿಸ್ತಮ್ಮ. ಒಬ್ರಿಗಿದ್ರೆ ರೋಗ ಅನ್ಬೋದಿತ್ತು. ಎಲ್ರಿಗೂ ಇದೆಯಲ್ಲ, ಇದು ಊರಿನ ಹವಾಗುಣ.”

ಹವಾಗುಣಕ್ಕೆ ಪರಿಹಾರ ಕೊಡುವ ಅಧಿಕಾರ ಮಂಡಳಿಗೆ ಇರಲಿಲ್ಲ. ಎಲ್ವಿನ್ ಊರಿನ ಉಳಿದೆಲ್ಲರಷ್ಟೇ ಆರೋಗ್ಯವಂತನೆಂದು ಪ್ರಮಾಣಪತ್ರ ಬಂತು.

ಆ ಬೇಸಿಗೆಯ ಗಾಯನ ಸ್ಪರ್ಧೆಯಲ್ಲಿ ತಂಡಕ್ಕೆ ಮೊದಲ ಬಹುಮಾನ ಬಂತು. ಮಂದ್ರ ಸಾಲಿನ ಅಪೂರ್ವ ಸಂಯಮವನ್ನು ತೀರ್ಪುಗಾರರು ವಿಶೇಷವಾಗಿ ಮೆಚ್ಚಿಕೊಂಡರು. ದನಿಯಿರುವವರನ್ನು ಆ ಸಾಲಿಗೆ ಸೇರಿಸಿಕೊಳ್ಳುವುದನ್ನು ಇದ್ವಾಲ್ ಅಂದಿನಿಂದ ಬಿಟ್ಟಿದ್ದಾನೆ.

ಈಗಲೂ ಆರಾಧನೆ ಮುಗಿದ ಮೇಲೆ ನೆರೆಯ ಹೆಂಗಸರು, ಇವತ್ತು ನಿಮ್ಮನೆಯವರು ಬಹಳ ಚೆನ್ನಾಗಿ ಹಾಡಿದರು ಎಂದು ಕೈನ್ವೆನ್‌ಗೆ ಹೇಳುವುದುಂಟು.

“ಎಲ್ಲಿ ಬಂತು,” ಎನ್ನುತ್ತಾಳೆ ಅವಳು, ಗಂಡನ ತೋಳು ಹಿಡಿದು ಮೆಟ್ಟಿಲು ಇಳಿಸುತ್ತ. “ಹೋದ ವಾರ ಇನ್ನೂ ಚೆನ್ನಾಗಿತ್ತು.”