ಬಾಗಿಲು ಮುರಿಯದ ಕಳ್ಳ

ಸ್ವಲ್ಪ ತಡೀರಿ, ಪುಟ ತಿರುವಬೇಡಿ. ಈ ಬರಹದಲ್ಲಿ ಒಬ್ಬ ಕಳ್ಳ ಬರುತ್ತಾನೆ, ಆದರೆ ನನ್ನ ಸಿಟ್ಟು ಅವನ ಮೇಲಲ್ಲ. ಅವನು ತನ್ನ ಪಾಡಿಗೆ ತನ್ನ ಕೆಲಸ ಮಾಡಿಕೊಂಡು ಹೋದ. ಕಳವಾದರೆ ನಾವಿದ್ದೇವೆ ಎಂದು ಪ್ರತಿ ವರ್ಷ ನಗುನಗುತ್ತ ಕಂತು ಕಟ್ಟಿಸಿಕೊಂಡವರಿದ್ದಾರಲ್ಲ, ಅವರ ಮೇಲಿನ ಸಿಟ್ಟು ಮಾತ್ರ ಇನ್ನೂ ಆರಿಲ್ಲ. ಪಾಲಿಸಿಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಕೊಟ್ಟದ್ದನ್ನೆಲ್ಲ ಒಳಪುಟದ ಸಣ್ಣಕ್ಷರಗಳು ಇರುವೆಗಳ ಹಾಗೆ ಸಾಲುಗಟ್ಟಿ ಹೊತ್ತುಕೊಂಡು ಹೋಗುತ್ತವೆ. ನಾವು ಸಕ್ಕರೆ ಡಬ್ಬಿ ತೆರೆಯುವ ಹೊತ್ತಿಗೆ ಒಳಗೆ ಡಬ್ಬಿ ಮಾತ್ರ ಇರುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ಹುಮನಾಬಾದಿನಲ್ಲಿ ನನ್ನ ಸೋದರಮಾವನದು ಸೀರೆ ಅಂಗಡಿ. ದೀಪಾವಳಿಯ ಲಕ್ಷ್ಮೀಪೂಜೆಯ ರಾತ್ರಿ ಅಂಗಡಿಗೆ ಬೀಗ ಹಾಕಬಾರದೆಂಬುದು ಅವರ ಅಜ್ಜನ ಕಾಲದಿಂದ ಬಂದ ರೂಢಿ. ಊರು ಸುತ್ತುತ್ತ ಬಂದ ಲಕ್ಷ್ಮಿ ಬೀಗ ಕಂಡು ಪಕ್ಕದ ಅಂಗಡಿಗೆ ಹೋಗಿಬಿಟ್ಟರೆ? ಅದಕ್ಕೇ ಶಟರ್ ಎತ್ತಿ, ದೀಪ ಹಚ್ಚಿ, ಮಾವ ಗಾದಿಯ ಮೇಲೆ ಎಚ್ಚರವಾಗಿ ಕೂರುತ್ತಿದ್ದರು. ಆ ವರ್ಷ ಅತ್ತೆಯ ಹೋಳಿಗೆ ಸ್ವಲ್ಪ ಹೆಚ್ಚಾಯಿತು, ಎಚ್ಚರ ಕಡಿಮೆಯಾಯಿತು. ಬೆಳಗ್ಗೆ ಕಣ್ಣು ಬಿಟ್ಟರೆ ದೀಪ ಉರಿಯುತ್ತಿತ್ತು, ಕಪಾಟುಗಳು ಖಾಲಿ. ಮದುವೆಯ ಸುಗ್ಗಿಗೆಂದು ತರಿಸಿದ್ದ ಮಾಲಿನಲ್ಲಿ ಉಳಿದದ್ದು ದೇವಿಯ ಮುಂದಿಟ್ಟಿದ್ದ ಒಂದೇ ಸೀರೆ. ಕಳ್ಳನೂ ದೈವಭಕ್ತ. ವಿಮೆಯ ಪರಿಹಾರ ಬಂದರೆ ಮತ್ತೆ ಮಾಲು ತುಂಬಬಹುದು, ಬಾರದಿದ್ದರೆ ಅಜ್ಜನ ಕಾಲದ ಅಂಗಡಿ ಉಳಿಯುವುದು ಕಷ್ಟ.

ವಿಮಾ ಕಂಪನಿಯಿಂದ ಒಬ್ಬ ಸಾಹೇಬರು ಬಂದು ಶಟರನ್ನು ಮೇಲಿಂದ ಕೆಳಗೆ ಸವರಿ ನೋಡಿದರು.

"ಬೀಗ ಎಲ್ಲಿ ಮುರದಾದ್ರಿ?"

"ಬೀಗ ಹಾಕೇ ಇರಲಿಲ್ರಿ ಸಾಹೇಬ್ರ. ಲಕ್ಷ್ಮಿ ಬರಾಕಿ ಇದ್ಲಲ್ರಿ," ಅಂದರು ಮಾವ.

"ಕಳ್ಳ ಜಬರದಸ್ತಿ ಮಾಡಿ ಒಳಗ ಬಂದಿದ್ರ ಮಾತ್ರ ನಮ್ಮ ಲೆಕ್ಕದಾಗ ಅದು ಕಳವು. ತೆರದ ಬಾಗಲದಾಗ ಬಂದ್ರ ಪಾಲಿಸಿ ಲಾಗೂ ಆಗಂಗಿಲ್ರಿ."

ಚಹಾ ತಂದಿದ್ದ ಅತ್ತೆ ಕಪ್ಪನ್ನು ಕೊಡದೆ ಕೈಯಲ್ಲೇ ಹಿಡಿದುಕೊಂಡರು. "ಹಂಗಾದ್ರ ಅವ ಮದುವಿಗೆ ಬಂದಿದ್ನೇನ್ರಿ? ನಾವೇ ಸೀರಿ ಆಹೇರಿ ಮಾಡಿ ಕಳಸೀವೇನು?"

ನಾನು ಕಾನೂನು ಓದಿದವನಲ್ಲ. ನಮ್ಮೂರು ಬಸವಕಲ್ಯಾಣದ ಗ್ರಂಥಾಲಯದಲ್ಲಿ ಗ್ರಾಹಕರ ಹಕ್ಕುಗಳ ಮೇಲಿದ್ದ ಒಂದು ಪುಸ್ತಕವನ್ನು ಪೂರ್ತಿಯಾಗಿ, ಇನ್ನೊಂದನ್ನು ಅರ್ಧ ಓದಿದ್ದೆ. ಅರ್ಧ ಓದಿದವನಿಗೆ ಇರುವಷ್ಟು ಧೈರ್ಯ ಪೂರ್ತಿ ಓದಿದವನಿಗೆ ಇರುವುದಿಲ್ಲ. ಗ್ರಾಹಕರ ವೇದಿಕೆಯಲ್ಲಿ ವಾದಿಸಲು ವಕೀಲರೇ ಆಗಬೇಕೆಂದಿಲ್ಲ ಎಂದು ಅದರಲ್ಲಿತ್ತು.

"ಫಿಕರ್ ಮಾಡಬ್ಯಾಡ್ರಿ ಮಾವ, ನಾನೇ ವಾದ ಮಾಡ್ತೀನಿ."

"ನೀ ಮಾಡ್ತೀ ಅಂತನೇ ಫಿಕರ್ ಹತ್ಯಾದ, ಅಳಿಯಾ."

ಬೀದರಿನ ಜಿಲ್ಲಾ ವೇದಿಕೆಯಲ್ಲಿ ನಾನು ಎದ್ದು ನಿಂತೆ. ತೆರೆದ ಬಾಗಿಲು ಲಕ್ಷ್ಮಿಗೆ ಕೊಟ್ಟ ಕರೆ, ಕಳ್ಳನಿಗಲ್ಲ. ಕರೆಯದವನು ಒಳಗೆ ಕಾಲಿಟ್ಟರೆ ಅದೇ ಬಲಪ್ರಯೋಗ. ಕಂಪನಿಗೆ ಮುರಿದ ಬೀಗವೇ ಬೇಕಿದ್ದರೆ ಕಳ್ಳರಿಗೂ ಒಂದು ಸುತ್ತೋಲೆ ಕಳಿಸಬೇಕಿತ್ತು ಎಂದೆಲ್ಲ ಹೇಳಿದೆ. ಎದುರು ವಕೀಲರು ಪಾಲಿಸಿಯ ಒಂದು ಸಾಲು ಓದಿ ಕುಳಿತುಬಿಟ್ಟರು. ಆದರೂ ಗೆದ್ದೆವು! ರೂಢಿಯಂತೆ ನಡೆದುಕೊಂಡವನನ್ನು ಸಣ್ಣಕ್ಷರ ತೋರಿಸಿ ಹೊರಗೆ ಕಳಿಸುವುದು ಸರಿಯಲ್ಲ ಎಂದಿತು ವೇದಿಕೆ. ನಾನು ಬಜಾರ ತುಂಬ ಪೇಡೆ ಹಂಚಿದೆ.

ಬಾಯಲ್ಲಿ ಪೇಡೆ ಕರಗುವ ಮೊದಲೇ ಕಂಪನಿ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಿತು. ಅಲ್ಲಿಯೂ ಹೋಗಿ ಅದೇ ಲಕ್ಷ್ಮಿಯನ್ನು ಕರೆದೆ. ಅಷ್ಟು ದೂರ ಆಕೆ ಬರಲಿಲ್ಲ. ಒಪ್ಪಂದದ ಮಾತು ಸ್ಪಷ್ಟವಾಗಿದೆ, ಸ್ಪಷ್ಟವಾಗಿರುವುದಕ್ಕೆ ಬೇರೆ ಅರ್ಥ ಹಚ್ಚಲಾಗದು, ದೂರುದಾರರ ಬಗ್ಗೆ ಅನುಕಂಪವಿದೆ ಎಂದಿತು ಆಯೋಗ. ಅನುಕಂಪ! ಅದನ್ನು ಯಾವ ಕಪಾಟಿನಲ್ಲಿ ಜೋಡಿಸಿಟ್ಟು ಮಾರುವುದು? ಗಿರಾಕಿ ಬಂದು ಹಸಿರು ಬಣ್ಣದ್ದು ತೋರಿಸಿ ಅಂದರೆ ಏನು ತೋರಿಸುವುದು? ಬಾಗಿಲು ಮುರಿಯದೆ, ಸದ್ದು ಮಾಡದೆ, ಮಲಗಿದ್ದವರ ನಿದ್ದೆ ಕೆಡಿಸದೆ ಹೋದ ಕಳ್ಳನ ಸಭ್ಯತೆಯೇ ನಮಗೆ ಮುಳುವಾಯಿತು.

ಕೊನೆಗೆ ಅಂಗಡಿ ಮುಚ್ಚಲಿಲ್ಲ, ಅರ್ಧವಾಯಿತು. ನಡುವೆ ಗೋಡೆ ಎದ್ದು ಒಂದು ಬದಿಗೆ ಎಸ್‌ಟಿಡಿ ಬೂತ್ ಬಂತು. ಇನ್ನೊಂದು ಬದಿಯಲ್ಲಿ ಮಾವ ಟವೆಲ್, ಲುಂಗಿ ಮಾರಲು ಕುಳಿತರು. ಮತ್ತೆ ದೀಪಾವಳಿ ಬಂದಾಗ ನಾನು ಹೊಸ ಬೀಗ ತೆಗೆದುಕೊಂಡು ಹೋದೆ.

"ಮಾವ, ಈ ಸಲ ಶಟರ್ ಎಳೀರಿ."

"ಲಕ್ಷ್ಮಿ ಏನು ಶಟರ್ ಮುರದು ಬರ್ತಾಳೇನೋ?"

"ಮತ್ತ ಕಳ್ಳ ಬಂದ್ರ?"

ಮಾವ ಒಳಗಿನಿಂದ ಒಂದು ಚಾಪೆ ತಂದು ಬಾಗಿಲಿಗೆ ಅಡ್ಡಲಾಗಿ ಹಾಸಿದರು. "ನೀ ಇಲ್ಲಿ ಮಕ್ಕೋ. ಯಾರೇ ಬಂದ್ರೂ ನಿನ್ನ ತುಳದೇ ಬರಬೇಕು. ಅದು ಜಬರದಸ್ತಿ ಆಗ್ತದೋ ಇಲ್ಲೋ, ವಕೀಲಸಾಬ?"

ಪುಸ್ತಕದ ಓದದೆ ಬಿಟ್ಟಿದ್ದ ಅರ್ಧವನ್ನೂ ಓದಿ ನೋಡಿದೆ, ಮಾವನ ವಾದದಲ್ಲಿ ಒಂದು ದೋಷವೂ ಸಿಗಲಿಲ್ಲ. ಅಂದಿನಿಂದ ಪ್ರತಿ ಲಕ್ಷ್ಮೀಪೂಜೆಗೆ ಆ ಅಂಗಡಿಯ ಬೀಗ ನಾನೇ. ಇಲ್ಲಿಯವರೆಗೆ ನನ್ನನ್ನು ತುಳಿದು ಒಳಗೆ ಹೋದವರು ಬೆಳಗ್ಗೆ ಕಸ ಗುಡಿಸಲು ಬರುವ ಅತ್ತೆ ಒಬ್ಬರೇ. ಅವರ ಮೇಲೆ ಪಾಲಿಸಿ ಲಾಗೂ ಆಗುವುದಿಲ್ಲ. ನಿಮ್ಮ ಪಾಲಿಸಿಯ ಇರುವೆಗಳು ಏನೇನು ಹೊತ್ತುಕೊಂಡು ಹೋದವೆಂದು ನೀವೂ ಬರೆದು ತಿಳಿಸಿ. ಹೊಸ್ತಿಲ ಮೇಲೆ ಮಲಗಿದವನಿಗೆ ನಿದ್ದೆ ಬರುವುದಿಲ್ಲ, ಓದುವುದಕ್ಕೆ ಏನಾದರೂ ಬೇಕಾಗುತ್ತದೆ.